ಎರವಲು ಕೈ

ಪೂಜೆಗೆ ಬಂದಿದ್ದ ಅಯ್ಯನವರು ಎರಡನೆಯ ಸಲವೂ ಸೋತು ಹಿಂದೆ ಸರಿದರು. ಕೆಂಚಪ್ಪನವರ ಎಡಗೈಯ ಮುಷ್ಟಿ ಬಿಚ್ಚಲೇ ಇಲ್ಲ.

ಬೆಳಗಿನ ಒಂಬತ್ತು ಗಂಟೆ. ನಸುಕಿನಲ್ಲಿ ಜೀವ ಹೋಗಿತ್ತು, ಮೈ ಇನ್ನೂ ಸೆಟೆದಿರಲಿಲ್ಲ. ಚಾಮರಾಜಪೇಟೆಯ ಮನೆಯ ನಡುಮನೆಯಲ್ಲಿ ಕೆಂಚಪ್ಪನವರನ್ನು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಹಚ್ಚಿ, ತಲೆ ವಾಲದಂತೆ ಗೋಡೆಯ ಮೊಳೆಗೆ ಬಟ್ಟೆಯ ಪಟ್ಟಿ ಬಿಗಿದಿದ್ದರು. ಇನ್ನು ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಡೆಯ ಪೂಜೆ ಮುಗಿಸಿದರೆ ರುದ್ರಭೂಮಿಗೆ ಹೊರಡುವುದೇ. ಆದರೆ ಲಕ್ವ ಹೊಡೆದು ವರ್ಷಗಳಿಂದ ಮಡಚಿಕೊಂಡೇ ಇದ್ದ ಕೈ ಅದು. ಬದುಕಿದ್ದಾಗಲೇ ಯಜಮಾನರ ಮಾತು ಕೇಳದ್ದು ಈಗ ಅಯ್ಯನವರ ಮಾತು ಕೇಳೀತೇ?

"ಬಲಗೈಗೇ ಇಟ್ಬಿಡಿ ಅಯ್ನೋರೆ," ಎಂದ ಕೆಂಚಪ್ಪನವರ ತಮ್ಮ ಬಸವಪ್ರಭು. "ಎಡಗೈ ಹೋಗಿ ಏಳು ವರ್ಷ ಆಯ್ತು. ಶಿವ ಏನೂ ತಪ್ಪು ತಿಳ್ಕೊಳಲ್ಲ."

ಅಯ್ಯನವರು ಶಿವಕುಮಾರಿಯ ಮುಖ ನೋಡಿದರು. ಆಕೆ ಗಂಡನ ಬಲಗಡೆ ನಿಂತಿದ್ದಳು. ಏಳು ವರ್ಷದಿಂದ ಅವಳ ಜಾಗ ಅದೇ. ಎಡಗಡೆ ಯಾರೇ ನಿಂತರೂ ಕೆಂಚಪ್ಪನವರ ಪಾಲಿಗೆ ಅಲ್ಲಿ ಯಾರೂ ಇಲ್ಲ. ಈ ದಿನವೂ ಹಾರ ಹಿಡಿದು ಎಡಗಡೆಯಿಂದ ಬಂದ ಇಬ್ಬರು ಮೂವರನ್ನು ಅವಳು ತೋಳು ಹಿಡಿದು ಸುತ್ತು ಹಾಕಿಸಿ, ಈ ಕಡೆ ಬನ್ನಿ, ಅಲ್ಲಿಂದ ಅವರಿಗೆ ಕಾಣಲ್ಲ ಎಂದು ಹೇಳಿ, ಆಮೇಲೆ ನಾಲಗೆ ಕಚ್ಚಿಕೊಂಡಿದ್ದಳು.

ಆ ಮುಷ್ಟಿ ಬಿಚ್ಚುವುದು ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಿಚ್ಚಿದವಳು ಅವಳೇ. ಆದರೂ ಇವತ್ತು ಅವಳ ಕೈ ಮುಂದೆ ಬರಲಿಲ್ಲ.

"ಸ್ವಲ್ಪ ತಡೀರಿ. ಚೈತನ್ಯಾ ಬರ್ಲಿ," ಎಂದಳು.

ಬಸವಪ್ರಭು ಗಡಿಯಾರ ನೋಡಿಕೊಂಡ. ಅವನು ಕೆಟ್ಟವನಲ್ಲ. ಮಕ್ಕಳಿಲ್ಲದ ಅಣ್ಣ ಅತ್ತಿಗೆಯರ ಮನೆಗೆ ಪ್ರತಿ ಭಾನುವಾರ ತರಕಾರಿ ಹೊತ್ತು ತಂದವನು. ಆದರೆ ಹನ್ನೊಂದಕ್ಕೆ ವ್ಯಾನು ಬರುವುದಿತ್ತು, ಮತ್ತು ಲಕ್ವಕ್ಕೆ ಕೈಕಾಲು ಉಜ್ಜಿಕೊಡಲು ಬರುತ್ತಿದ್ದ ಹುಡುಗಿಗೂ ಲಿಂಗಪೂಜೆಗೂ ಏನು ಸಂಬಂಧ ಎಂಬುದು ಅವನಿಗೆ ಹೊಳೆಯಲಿಲ್ಲ.

*

ಕೆಂಚಪ್ಪನವರದು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಸಗಟು ವ್ಯಾಪಾರ. ಮಾತು ಬಹಳ ಕಮ್ಮಿ. ಹಮಾಲಿಗೂ "ಆಯ್ತು", ಗಿರಾಕಿಗೂ "ಆಯ್ತು", ಹೆಂಡತಿಗೂ "ಆಯ್ತು". ಮೂವತ್ತೆಂಟು ವರ್ಷ ಸಂಸಾರ ಮಾಡಿದ ಶಿವಕುಮಾರಿ ಆ ಒಂದು ಮಾತಿನ ಏರಿಳಿತದಲ್ಲೇ ಸಾರು ಚೆನ್ನಾಗಿತ್ತೋ ಇಲ್ಲವೋ ಎಂದು ಕಂಡುಹಿಡಿಯುವಷ್ಟು ನಿಪುಣಳಾಗಿದ್ದಳು. ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ಆದರೆ ಒಳ್ಳೆಯ ಮಾತೊಂದನ್ನು ಅವರ ಬಾಯಿಂದ ಹೊರಡಿಸುವುದು ಯಾರಿಂದಲೂ ಆಗಿರಲಿಲ್ಲ.

ತೊಂಬತ್ತಾರರ ಶ್ರಾವಣದಲ್ಲಿ, ಅಂಗಡಿ ತುಂಬ ಜನವಿದ್ದಾಗ, ಬಿಚ್ಚಿ ಹರಡಿದ್ದ ಸೀರೆಗಳ ಮೇಲೇ ಅವರು ಕುಸಿದರು. ಹನ್ನೆರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದರು. ಮಾತು ಸರಿಯಾಗಿತ್ತು, ಲೆಕ್ಕ ನೆನಪಿತ್ತು. ಆದರೆ ಅವರು ಮುಖದ ಬಲಭಾಗ ಮಾತ್ರ ಕ್ಷೌರ ಮಾಡಿಕೊಂಡು, ಎಡಗಡೆ ಗಡ್ಡ ಹಾಗೇ ಬಿಟ್ಟು ಗಂಭೀರವಾಗಿ ಕನ್ನಡಿ ಕೆಳಗಿಟ್ಟರು. ತಟ್ಟೆಯ ಬಲಗಡೆ ಇದ್ದ ಇಡ್ಲಿ ತಿಂದು, ಎಡಗಡೆ ಇದ್ದ ಚಟ್ನಿಯನ್ನು ಮುಟ್ಟದೆ, ಬರೀ ಇಡ್ಲಿ ಹಾಕಿದ್ದೀಯಲ್ಲ ಎಂದರು. ಬೇಕೆಂದೇ ಹಂಗಿಸುತ್ತಿದ್ದಾರೆ ಎಂದುಕೊಂಡು ಶಿವಕುಮಾರಿ ಅಡುಗೆಮನೆಯಲ್ಲಿ ನಿಂತು ಅತ್ತಳು.

ಡಾಕ್ಟರು ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ತಲೆ ಬರೆದು ತೋರಿಸಿದರು. ಮಿದುಳಿನ ಬಲ ಅರ್ಧ ಮೈಯ ಎಡಭಾಗವನ್ನು ನೋಡಿಕೊಳ್ಳುತ್ತದೆ, ಎಡ ಅರ್ಧ ಬಲಭಾಗವನ್ನು. ನರಗಳು ಕತ್ತಿನ ಹತ್ತಿರ ಒಂದನ್ನೊಂದು ದಾಟಿ ಹೋಗುತ್ತವೆ. ನಿಮ್ಮ ಎಡಗಡೆಯ ಅಂಗಡಿಗೆ ಗೋಡೌನು ಬಲಗಡೆಯ ಬೀದಿಯಲ್ಲಿದ್ದ ಹಾಗೆ ಅಂದುಕೊಳ್ಳಿ, ಈಗ ಗೋಡೌನಿಗೆ ಬೆಂಕಿ ಬಿದ್ದಿದೆ ಎಂದರು. ಕಣ್ಣಿಗೇನೂ ಆಗಿಲ್ಲ. ಆದರೆ ಇದು ನಾನು, ಇದು ನನ್ನ ಸುತ್ತಲಿನದು ಎಂದು ಮಿದುಳು ಬರೆದಿಟ್ಟುಕೊಂಡ ನಕ್ಷೆಯಲ್ಲಿ ಎಡಗಡೆಯ ಅರ್ಧ ಅಳಿಸಿಹೋಗಿದೆ.

"ಅವರು ಸುಳ್ಳು ಹೇಳ್ತಿಲ್ಲಮ್ಮ. ಅವರ ಮಿದುಳೇ ಅವರಿಗೆ ಸುಳ್ಳು ಹೇಳ್ತಿದೆ."

ಅಂದಿನಿಂದ ಶಿವಕುಮಾರಿ ಬಲಗಡೆ ನಿಲ್ಲುವುದನ್ನು, ಅರ್ಧ ಊಟವಾದ ಮೇಲೆ ತಟ್ಟೆ ತಿರುಗಿಸುವುದನ್ನು ಕಲಿತಳು. ಕಷ್ಟವಾದದ್ದು ಪೂಜೆ. ಕಾಯಿಲೆಯಲ್ಲಿ ಬಿಟ್ಟುಹೋಗಿದ್ದ ಅದನ್ನು ಸ್ವಲ್ಪ ಚೇತರಿಸಿದ ಮೇಲೆ ಅವರು ಮತ್ತೆ ಹಿಡಿದರು. ಲಿಂಗಪೂಜೆಯಾಗದೆ ಕೆಂಚಪ್ಪನವರು ಹನಿ ನೀರೂ ಮುಟ್ಟುವವರಲ್ಲ, ಮತ್ತು ಲಿಂಗವನ್ನು ಇಟ್ಟುಕೊಳ್ಳಬೇಕಾದದ್ದು ಎಡ ಅಂಗೈಯಲ್ಲಿ. ತೊಡೆಯ ಮೇಲಿಟ್ಟ ಆ ಕೈಯನ್ನು ಅವರು ದಿಟ್ಟಿಸಿ ನೋಡಿ, ಇದು ಯಾರದು ಎಂದರು. ನಿಮ್ಮದೇ ಎಂದರೆ ರೇಗಿ, ಯಾರದೋ ಕೈ ತಂದು ನನ್ನ ಮಡಿಲಿಗೆ ಹಾಕಿದ್ದೀಯ ಎಂದು ಬಲಗೈಯಿಂದ ಎತ್ತಿ ಎಸೆದರು. ಎರಡು ದಿನ ಪೂಜೆಯಿಲ್ಲ, ಊಟವಿಲ್ಲ. ತುಟಿ ಒಣಗಿ ಬಿರಿಯಿತು.

ಮೂರನೆಯ ದಿನ ಶಿವಕುಮಾರಿ ಅವರ ಬಲ ಭುಜಕ್ಕೆ ಒತ್ತಿ ಕೂತು, ಎಡಗೈಯನ್ನು ಎದೆಯ ಮುಂದಿನಿಂದ ಈಚೆಗೆ ತಂದು, ಮಣಿಕಟ್ಟಿನ ಕೂದಲು ಕಾಣದಂತೆ ತನ್ನ ಸೆರಗು ಮುಚ್ಚಿದಳು. ಅಂಗೈ ಮಾತ್ರ ಹೊರಗೆ.

"ಯಾರ ಕೈ ಇದು?"

"ನಂದು," ಎಂದಳು.

ಅವರು ಬಹಳ ಹೊತ್ತು ನೋಡಿದರು. "ನಿಂದಾ? ಹಾಗಾದ್ರೆ ಸರಿ. ಸ್ವಲ್ಪ ಹೊತ್ತು ಹಿಡ್ಕೊಂಡಿರು."

ಬಲಗೈಯಿಂದ ಲಿಂಗ ತೆಗೆದು ಆ ಅಂಗೈಯಲ್ಲಿಟ್ಟು, ನೀರೆರೆದು, ಪತ್ರೆ ಏರಿಸಿ, ಕಣ್ಣು ಮುಚ್ಚಿದರು. ಮುಗಿದ ಮೇಲೆ ಆ ಮಾತುಗಳ್ಳ ಮನುಷ್ಯ ಹೆಂಡತಿಯ ಕಡೆ ತಿರುಗಿ ಹೇಳಿದರು:

"ಉಪಕಾರ ಆಯ್ತು. ಕೈ ನೋವಾಯ್ತಾ?"

ಆಮೇಲೆ ಏಳು ವರ್ಷ, ಒಂದು ದಿನವೂ ತಪ್ಪದೆ, ಪೂಜೆ ಮುಗಿದ ತಕ್ಷಣ ಅದೇ ಎರಡು ಮಾತು. ನಿನ್ನೆ ಬೆಳಿಗ್ಗೆಯೂ ಹೇಳಿದ್ದರು.

*

ಚೈತನ್ಯಾ ಹತ್ತಕ್ಕೆ ಮೊದಲೇ ವಿಶ್ವೇಶ್ವರಪುರದಿಂದ ಆಟೋ ಹತ್ತಿ ಬಂದಳು. ನಾಲ್ಕು ವರ್ಷ ವಾರಕ್ಕೆರಡು ಸಲ ಬಂದು ಕೆಂಚಪ್ಪನವರ ಕೈಕಾಲು ಆಡಿಸಿದ ಫಿಸಿಯೋಥೆರಪಿಯ ಹುಡುಗಿ. ಬರಬರುತ್ತ ಕೈ ಬಿಗಿದು ಮುಷ್ಟಿಯಾದಾಗ ಅದನ್ನು ಬಿಚ್ಚುವ ಉಪಾಯ ಹೇಳಿಕೊಟ್ಟವಳೂ ಅವಳೇ. ಶಿವಕುಮಾರಿ ಅವಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ಏಳು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದಳು. ಲಿಂಗದ ಎದುರು ಕೂತು ದಿನಾ ಸುಳ್ಳಾಡಿದೆ. ಊಟ ಮಾಡಲಿ ಎಂದು ಶುರುಮಾಡಿದ್ದು, ಬಿಡಲಾಗಲಿಲ್ಲ. ಅವರ ಉಪಕಾರದ ಮಾತೆಲ್ಲ ನಾನು ಮೋಸ ಮಾಡಿ ತೆಗೆದುಕೊಂಡದ್ದು.

"ಅದು ನನ್ ಕೈ ಅಂದ್ಕೊಂಡೇ ಹೋಗ್ಬಿಟ್ರು ಕಣಮ್ಮ. ಈಗ ಎಡಗೈಗೆ ಲಿಂಗ ಇಟ್ರೆ ಅವರ ಮನಸ್ಸಿಗೆ ಅದು ಪರರ ಕೈ. ಬಲಗೈಗಿಟ್ರೆ ಜೀವಮಾನವೆಲ್ಲ ನಡೆಸಿದ ಪದ್ಧತಿ ತಪ್ಪತ್ತೆ. ನಾನು ಯಾವ ಕೈಗೆ ಇಡ್ಲಿ?"

ಚೈತನ್ಯಾ ಅವಳ ಎರಡೂ ಕೈ ಹಿಡಿದುಕೊಂಡಳು.

"ಆಂಟಿ, ಅಂಕಲ್‌ಗೆ ಗೊತ್ತಿತ್ತು."

ಮಿದುಳಿನ ಊತ ಇಳಿದ ಹಾಗೆ ಅಳಿಸಿದ ನಕ್ಷೆ ಅಷ್ಟಿಷ್ಟು ಮರಳಿ ಮೂಡುವುದುಂಟು ಎಂದು ವಿವರಿಸಿದಳು. ಎಡಗಡೆ ಪೂರ್ತಿ ಬರದಿದ್ದರೂ ಕೈಯ ಗುರುತು ಅವರಿಗೆ ಸಿಕ್ಕಿತ್ತು.

"ನಾನು ಬರೋಕೆ ಶುರು ಮಾಡಿ ಮೂರನೇ ತಿಂಗಳು. ಹೆಬ್ಬೆರಳು ಉಜ್ತಾ ಇದ್ದೆ. ಅದರ ಬುಡದಲ್ಲಿ ಒಂದು ಕಲೆ ಇದೆಯಲ್ಲ, ಹದಿನಾರನೇ ವಯಸ್ಸಲ್ಲಿ ಅಪ್ಪನ ಕತ್ತರಿ ತಗುಲಿದ್ದು ಅಂದ್ರು. ಹಾಗಾದ್ರೆ ಇದು ನಿಮ್ ಕೈನೇ ಅಲ್ವಾ ಅಂಕಲ್ ಅಂದೆ. ನಕ್ಕರು."

"ಆಮೇಲೆ?"

"ಅವಳಿಗೆ ಹೇಳ್ಬೇಡಮ್ಮ ಅಂದ್ರು. ಮೂವತ್ತೆಂಟು ವರ್ಷ ಅವಳಿಗೆ ಒಂದ್ ಒಳ್ಳೇ ಮಾತು ಹೇಳಿಲ್ಲ, ಹೇಗೆ ಹೇಳ್ಬೇಕು ಅಂತಾನೇ ಗೊತ್ತಿರ್ಲಿಲ್ಲ. ಈಗ ದಿನಾ ಹೇಳೋಕೆ ಒಂದು ನೆಪ ಸಿಕ್ಕಿದೆ. ಕೈ ನಂದೇ ಅಂತ ಆಗ್ಬಿಟ್ರೆ ನಾಳೆಯಿಂದ ಏನಂತ ಹೇಳ್ಲಿ, ಅಂದ್ರು. ನನ್ನಿಂದ ಮಾತು ತಗೊಂಡ್ರು ಆಂಟಿ."

ಶಿವಕುಮಾರಿಗೆ ಮೊದಲು ಬಂದದ್ದು ನಗು. ಮಣಿಕಟ್ಟಿನ ಕೂದಲನ್ನು ಅಷ್ಟು ಜೋಪಾನವಾಗಿ ಮುಚ್ಚಿ, ಹೆಬ್ಬೆರಳ ಕಲೆಯನ್ನು ದಿನಾ ಅವರ ಕಣ್ಣೆದುರೇ ಹಿಡಿದಿದ್ದಳಲ್ಲ. ಏಳು ವರ್ಷ ಅವಳು ಅವರನ್ನು ನಂಬಿಸಿದೆ ಎಂದುಕೊಂಡಿದ್ದಳು, ಅದರಲ್ಲಿ ಕಡೆಯ ನಾಲ್ಕು ವರ್ಷವಾದರೂ ಅವರು ನಂಬಿದ ಹಾಗೆ ಕೂತಿದ್ದರು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಎದೆಯ ಮೇಲಿದ್ದ ಭಾರ ಇಳಿದು, ಆ ಜಾಗದಲ್ಲಿ ಗಂಡನ ಮೇಲೆ ಹೇಳತೀರದ ಅಕ್ಕರೆ ಬಂದು ಕೂತಿತು. ಮುಖ ತೊಳೆದುಕೊಂಡು ಅವಳು ನಡುಮನೆಗೆ ಬಂದಳು.

"ಎಡಗೈಗೇ ಇಡೋಣ ಅಯ್ನೋರೆ," ಎಂದಳು. "ಅದು ಅವರದೇ."

ಬಸವಪ್ರಭು ಅತ್ತಿಗೆಯ ಮುಖ ನೋಡಿ ಪಕ್ಕಕ್ಕೆ ಸರಿದ.

ಅವಳು ಗಂಡನ ಬಲಗಡೆ ಕೂತು ಎಡಗೈಯನ್ನು ಎದೆಯ ಮುಂದಕ್ಕೆ ತಂದಳು. ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿದಳು. ಹಾಗೆ ಬಗ್ಗಿಸಿದರೆ ಒಳಗಿನ ಸ್ನಾಯುಗಳ ಬಿಗಿ ಸಡಿಲವಾಗಿ ಬೆರಳು ತಾವಾಗಿ ಬಿಚ್ಚುತ್ತವೆ, ಎತ್ತಿದರೆ ತಾವಾಗಿ ಮಡಚುತ್ತವೆ. ಅದಕ್ಕೆ ಮಿದುಳಿನ ಅಪ್ಪಣೆಯೇ ಬೇಡ ಎಂದು ಚೈತನ್ಯಾ ಹೇಳಿಕೊಟ್ಟಿದ್ದಳು. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಅಭ್ಯಾಸಬಲದಿಂದ ಅವಳು ಸೆರಗು ತಂದು ಮಣಿಕಟ್ಟಿಗೆ ಮುಚ್ಚಿದಳು. ಮರುಕ್ಷಣ ಅದನ್ನು ಎಳೆದುಕೊಂಡು ಹೆಗಲಿಗೆ ಹಾಕಿಕೊಂಡಳು.

ಅಯ್ಯನವರು ಲಿಂಗವನ್ನಿಟ್ಟು, ನೀರೆರೆದು, ಪತ್ರೆ ಏರಿಸಿದರು. ಪೂಜೆ ಮುಗಿಯಿತು. ಅವಳು ಗಂಡನ ಬಲಗಿವಿಗೆ ಬಗ್ಗಿದಳು.

"ಉಪಕಾರ ಆಯ್ತು," ಎಂದಳು. "ಕೈ ನೋವಾಯ್ತಾ?"

ಹೇಳಿ, ಹಿಡಿದಿದ್ದ ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿದಳು. ಐದೂ ಬೆರಳು ಮೆಲ್ಲಗೆ ಮಡಚಿಕೊಂಡು ಲಿಂಗವನ್ನು ಹಿಡಿದುಕೊಂಡವು.