ಇಪ್ಪತ್ತೆರಡನೇ ಐಟಂ

ನನಗೆ ಆರು ವರ್ಷವಾಗಿದ್ದಾಗ ಹೃದಯದಲ್ಲಿ ತೂತಿದೆ ಎಂದು ಡಾಕ್ಟರು ಹೇಳಿದರು. ನಮ್ಮ ಬೀದಿಯ ಕ್ಷೌರದಂಗಡಿಯ ಮೀಸೆ ಮಾವ ಸುಮ್ಮನೆ ಕೂರಲಿಲ್ಲ. (ಅವರಿಗೆ ಮೀಸೆಯಿಲ್ಲ. ಊರವರ ಮೀಸೆ ತಿದ್ದುವುದರಿಂದ ಆ ಹೆಸರು.) ಶಾಲೆಯ ಊಟದ ಹಾಲ್‌ನಲ್ಲಿ ಬೆಂಚು ಜೋಡಿಸಿ, ಎರಡು ಬೆಡ್‌ಶೀಟು ಹೊಲಿಸಿ ಪರದೆ ಕಟ್ಟಿ, ಒಂದು ಮನರಂಜನೆ ಕಾರ್ಯಕ್ರಮ ಮಾಡಿಸಿದರು. ಪೋಸ್ಟ್‌ಮ್ಯಾನ್ ಸಿಳ್ಳೆಯಲ್ಲೇ ಮೂರು ಹಾಡು ಹಾಡಿದ. ನಮ್ಮಪ್ಪ ನಾಟಕದ ಮಾತು ಮರೆತು ಬೆವರು ಒರೆಸಿಕೊಂಡದ್ದನ್ನೇ ಜನ ಹಾಸ್ಯವೆಂದು ತಿಳಿದು ನಕ್ಕರು. ಟಿಕೆಟ್ಟಿನದು, ಅದರ ಮೇಲೆ ಒಬ್ಬೊಬ್ಬರು ಕೈಯೆತ್ತಿ ಕೊಟ್ಟದ್ದು, ಎಲ್ಲ ಸೇರಿ ನನ್ನ ಆಪರೇಷನ್ ಆಯಿತು.

ಮರುವರ್ಷ ಬೇರೆ ಮಗುವಿಗೆ. ಆಮೇಲೆ ಪ್ರತಿವರ್ಷ. ಊಟದ ಹಾಲ್‌ನಿಂದ ಸಮುದಾಯ ಭವನಕ್ಕೆ, ಅಲ್ಲಿಂದ ಒಂಬೈನೂರು ಕುರ್ಚಿಯ ರಂಗಮಂದಿರಕ್ಕೆ. ಈಗ ಸಮಿತಿಯಿದೆ, ಬಾಡಿಗೆ ಲೈಟುಗಳಿವೆ. ಹಾಡಲು ಅವಕಾಶ ಸಿಗಲಿಲ್ಲವೆಂದು ಮುನಿಸಿಕೊಂಡವರೇ ಒಂದು ಬಸ್ಸಿನಷ್ಟು ಇದ್ದಾರೆ.

ಬದಲಾಗದೆ ಉಳಿದದ್ದು ಕೊನೆಯ ಐಟಂ. ಅದು ನಾನು. ಎಲ್ಲ ಲೈಟೂ ಆರಿಸಿ ಒಂದನ್ನು ನನ್ನ ಮೇಲೆ ಬಿಡುತ್ತಾರೆ. "ಈ ಎದೆ ಬಡ್ಕೊಳ್ತಿರೋದು ನಿಮ್ಮ ಚಪ್ಪಾಳೆಯಿಂದ!" ಎನ್ನುತ್ತಾರೆ ಮೀಸೆ ಮಾವ. ನಾನು ಕೈ ಮುಗಿಯುತ್ತೇನೆ. ಹೀಗೆ ಹದಿನೈದು ಸಲ. ಮೊಣಕಾಲಿನ ಕೆಳಗೆ ಬೇರೆ ಯಾರದೋ ಕಾಲು ಜೋಡಿಸಿದಂತಿರುತ್ತದೆ, ಅಷ್ಟೇ. ಆ ದಿನಗಳ ಡೈರಿಯಲ್ಲಿ 'ನಿಂತೆ' ಎಂಬುದು ಬಿಟ್ಟರೆ ಏನೂ ಇಲ್ಲ.

ಡಿಗ್ರಿ ಮುಗಿದ ಮೇಲೆ, ಅಕ್ಷರ ದುಂಡಗಿದೆಯೆಂದು ಕಾರ್ಯಕ್ರಮದ ಪಟ್ಟಿ ಬರೆಯುವ ಕೆಲಸ ನನಗೇ ಬಂತು. ಪರದೆಗೆ, ಲೈಟಿಗೆ, ಮೈಕಿಗೆ ಒಂದೊಂದು ಪ್ರತಿ. ಪಟ್ಟಿಯಲ್ಲಿಲ್ಲದ್ದು ವೇದಿಕೆಯ ಮೇಲೂ ಇಲ್ಲ.

ಈ ಸಲದ ಮೀಟಿಂಗಿನಲ್ಲಿ ಸೌಂಡ್ ಅಂಗಡಿಯವರು ಹೇಳಿದರು: "ಬೇಜಾರ್ ಮಾಡ್ಕೋಬೇಡಮ್ಮ. ಇಪ್ಪತ್ತೆರಡು ವರ್ಷದ ಹುಡುಗೀನ ನಿಲ್ಸಿದ್ರೆ ಯಾರಿಗ್ರೀ ಕರುಳು ಚುರುಕ್ ಅನ್ನತ್ತೆ? ಮದುವೆಗೆ ಹೆಣ್ಣು ತೋರಿಸ್ತಿದಾರೆ ಅನ್ಕೋತಾರೆ!"

ಎಲ್ಲರೂ ನಕ್ಕರು. ಈ ವರ್ಷದ ಆಪರೇಷನ್ ಐದು ವರ್ಷದ ಒಬ್ಬಳು ಹುಡುಗಿಗೆ. ಕೊನೆಯ ಐಟಂಗೆ ಅವಳ ಕೈ ಹಿಡಿದು ನಾನು ಕರೆತರಬೇಕೆಂದು ತೀರ್ಮಾನವಾಯಿತು.

ರಿಹರ್ಸಲ್‌ನಲ್ಲಿ ಲೈಟು ಬಿದ್ದೊಡನೆ ಆ ಹುಡುಗಿ ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಅಳಲಿಲ್ಲ. ನನ್ನ ಕೈಯಲ್ಲಿದ್ದ ಅವಳ ಕೈಗೆ ಹಿಡಿತವೇ ಇರಲಿಲ್ಲ.

"ನಿಂತ್ಕೊಳ್ಳೇ ಬಂಗಾರಿ, ಎರಡೇ ನಿಮಿಷ," ಎಂದಳು ಅವಳಮ್ಮ ಕೆಳಗಿನಿಂದ. "ಇವರೆಲ್ಲ ನಮಗೋಸ್ಕರ ತಾನೇ ಇಷ್ಟೆಲ್ಲ ಮಾಡ್ತಿರೋದು?"

ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳು.

ನಾನು ಮೀಸೆ ಮಾವನ ಹತ್ತಿರ ಹೋದೆ. "ಮಾವ, ಈ ಮಗೂನ ನಿಲ್ಸೋದು ಬೇಡ."

ಹಿಂದೆ ಯಾರೋ 'ಹಲೋ ಹಲೋ' ಎಂದು ಮೈಕು ಪರೀಕ್ಷಿಸುತ್ತಿದ್ದರು. "ಏನಂದೆ? ಗಂಟಲು ಬಿಟ್ಟು ಮಾತಾಡು ಮಾರಾಯ್ತಿ!"

"ಏನಿಲ್ಲ ಮಾವ."

ಭಾನುವಾರ ಬೆಳಿಗ್ಗೆ ಪಟ್ಟಿ ಬರೆಯಲು ಕುಳಿತೆ. ಇಪ್ಪತ್ತೊಂದು, ಸಮೂಹ ನೃತ್ಯ. ಅದರ ಕೆಳಗೆ 'ಪರದೆ. ಮುಕ್ತಾಯ' ಎಂದು ಬರೆದು ಪೆನ್ನಿನ ಕ್ಯಾಪು ಮುಚ್ಚಿದೆ.

ಸಂಜೆ ಸಮೂಹ ನೃತ್ಯ ಮುಗಿಯಿತು. ಪರದೆ ಎಳೆಯುವವರು ನಿವೃತ್ತ ಬಸ್ ಡ್ರೈವರು. ಕಾಗದ ನೋಡಿ ಹಗ್ಗ ಎಳೆದರು. ಸಭಾಂಗಣದ ಲೈಟು ಹತ್ತಿತು, ಮೈಕು ಸತ್ತಿತು. ಒಂಬೈನೂರು ಜನ ಎದ್ದು ಚಪ್ಪಲಿ ಸರಿಪಡಿಸಿಕೊಂಡರು. ಪರದೆಯ ಮುಂದೆ ಮೀಸೆ ಮಾವನ ಬಾಯಿ ಮಾತ್ರ ಆಡುತ್ತಿತ್ತು.

ಅವರು ಒಳಗೆ ಬಂದಾಗ ಕೈಯಲ್ಲಿ ಪಟ್ಟಿಯಿತ್ತು. "ಇಪ್ಪತ್ತೆರಡು ಎಲ್ಲಮ್ಮ?"

"ಬರೀಲಿಲ್ಲ."

"ಮರೆತುಬಿಟ್ಯಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಇಲ್ಲ ಮಾವ. ಬೇಕೂಂತಲೇ."

ಅಷ್ಟರಲ್ಲಿ ಹುಡುಗಿಯ ಅಮ್ಮ ಓಡಿಬಂದಳು. ಮುಖ ಬಿಳಿಚಿತ್ತು. "ನಮ್ಮ ಪಾಪು ನಿಲ್ಲಲೇ ಇಲ್ವಲ್ಲಣ್ಣ. ಆಪರೇಷನ್ ಗತಿ ಏನು?"

"ಅಯ್ಯೋ ತಾಯಿ, ಅದಕ್ಕೂ ಇದಕ್ಕೂ ಏನು ಸಂಬಂಧ? ಟಿಕೆಟ್ ಎಲ್ಲ ಹೋದ ತಿಂಗಳೇ ಖಾಲಿ. ಆಸ್ಪತ್ರೇಲಿ ದಿನಾನೂ ಗೊತ್ತುಮಾಡಿ ಆಯ್ತು," ಎಂದುಬಿಟ್ಟರು ಮೀಸೆ ಮಾವ.

ಆಕೆ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಇಷ್ಟು ಜೋರಾಗಿ ಅವರ ಎದುರು ನಾನು ಎಂದೂ ಮಾತಾಡಿರಲಿಲ್ಲ:

"ಹಾಗಾದ್ರೆ ನಾನ್ಯಾಕೆ ನಿಲ್ತಿದ್ದೆ ಮಾವ?"

ಅವರು ವೇಷದ ಪೆಟ್ಟಿಗೆಯ ಮೇಲೆ ಕುಳಿತರು. ಪಟ್ಟಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಜನ ಕೇಳ್ತಿದ್ರು ಕಣಮ್ಮ," ಎಂದರು ಕೊನೆಗೆ. "ನೀನು ಬೇಡ ಅಂತ ಒಂದ್ಸಲಾನೂ ಹೇಳಲಿಲ್ಲ."

ಅದು ನಿಜ. ಕೋಪ ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

"ಮುಂದಿನ ವರ್ಷ ಪಟ್ಟಿ ಬೇರೆ ಯಾರಾದ್ರೂ ಬರೀಲಿ," ಎಂದರು.

"ಆಗ್ಲಿ ಮಾವ."

ಹುಡುಗಿ ಬಂದು ನನಗೆ ಬೆನ್ನು ತಿರುಗಿಸಿ ನಿಂತಳು. ಹೊಸ ಫ್ರಾಕು, ಕುತ್ತಿಗೆ ಬಿಗಿಯಾಗಿತ್ತು. "ಚುಚ್ಚತ್ತೆ. ಬಿಚ್ಚು," ಎಂದಳು. ನಾನು ಮೊಣಕಾಲೂರಿ ಕುಳಿತು ಮೇಲಿನ ಗುಂಡಿಯಿಂದ ಶುರುಮಾಡಿದೆ.