ಎದ್ದರೆ ಮೊದಲಿನಿಂದ

ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು ಅಣ್ಣ ಮಹಡಿಗೆ ಬಂದ. ಕಂಕುಳಲ್ಲಿ ಒಂದು ಡಬ್ಬ. ಒಂದು ಕಾಲಕ್ಕೆ ನಾವಿಬ್ಬರೂ ನೋಡುತ್ತಿದ್ದ ‘ಟಪಾಲು ನರಿ’ ಕಾರ್ಟೂನಿನ ಎಲ್ಲ ಕಂತುಗಳೂ ಡಿಸ್ಕಿನಲ್ಲಿ.

“ಬಾಯಿ ಮುಚ್ಚೋ, ನೊಣ ಹೋಗುತ್ತೆ. ಕೂತ್ಕೋ.”

ಕೂತೆ. ಬೇರೆ ಊರಿನ ಸೋಫಾ ಕಾರ್ಖಾನೆಯ ಮೇಲ್ವಿಚಾರಕರು ಸಂಜೆಯೊಳಗೆ ಫೋನ್ ಮಾಡುವವರಿದ್ದರು. ಬರುತ್ತೇನೆ ಎಂದರೆ ಕೆಲಸ ನನ್ನದು, ಇಲ್ಲವಾದರೆ ಇನ್ನೊಬ್ಬನದು. ಅಣ್ಣನಿಗೆ ಹೇಳಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ಶಾಲೆ ಬಿಟ್ಟು, ಹಾಸಿಗೆ ಹೊಲಿದು ನನ್ನನ್ನು ಸಾಕಿದವನು. ಅಪ್ಪನ ಅಂಗಡಿಯ ಬೋರ್ಡಿಗೆ ‘ಸಹೋದರರು’ ಎಂದು ಸೇರಿಸಿ ಬರೆಸಿದಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ನರಿ ಚೀಲ ಹೊತ್ತು ಸೈಕಲ್ ಏರಿತು. ಅದು ಬೀಳುವುದಕ್ಕೆ ಮೊದಲೇ ಅಣ್ಣ ನಕ್ಕ. ನಾನೂ ನಕ್ಕೆ. ಆಮೇಲೆ ನನ್ನ ಕಣ್ಣು ನರಿಯ ಹಿಂದಕ್ಕೆ ಹೋಯಿತು. ಒಂದು ಮರ, ಒಂದು ಗೋಡೆ, ಒಂದು ಕಿಟಕಿ. ಮತ್ತೆ ಅದೇ ಮರ, ಅದೇ ಗೋಡೆ. ಚಿಕ್ಕಂದಿನಲ್ಲಿ ಅದು ಜಗತ್ತನ್ನೇ ಸುತ್ತುತ್ತದೆ ಎಂದುಕೊಂಡಿದ್ದೆ.

ನೀರು ಕುಡಿಯಲು ಎದ್ದೆ. ಬರುವಷ್ಟರಲ್ಲಿ ಆರಂಭದ ಹಾಡು ಮತ್ತೆ ಶುರುವಾಗಿತ್ತು.

“ಯಾಕಣ್ಣ?”

“ಎದ್ರೆ ಮೊದಲಿಂದ. ಮರೆತ್ಯಾ?”

ಮರೆತಿರಲಿಲ್ಲ. ಉಚ್ಚೆಗೆ ಓಡಿದಾಗಲೆಲ್ಲ ಕಥೆ ತಪ್ಪಿಹೋಯಿತೆಂದು ನಾನು ಅಳುತ್ತಿದ್ದೆ. ಅದಕ್ಕೇ ಅಣ್ಣ ಈ ಕಾನೂನು ಮಾಡಿದ್ದ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ತಾನು ನೋಡಿದ್ದನ್ನೇ ನನ್ನ ಜೊತೆ ಮತ್ತೆ ನೋಡುತ್ತಿದ್ದ. ಒಮ್ಮೆಯೂ ಬೇಸರಪಟ್ಟಿದ್ದನ್ನು ಕಾಣೆ.

ಅತ್ತಿಗೆ ಬಾಗಿಲಲ್ಲಿ ಇಣುಕಿದಳು. “ಇಬ್ಬರಿಗೂ ಕತ್ತೆ ವಯಸ್ಸಾಯ್ತು. ಕೆಳಗೆ ಗಿರಾಕಿ ಕಾಯ್ತಿದ್ದಾರೆ, ಇಲ್ಲಿ ನರಿ ಮದುವೆ ನಡೀತಿದೆ!”

“ನೀನೇ ನೋಡ್ಕೊಳೇ ಸ್ವಲ್ಪ. ಇವತ್ತು ನನ್ನ ತಮ್ಮ ಎಲ್ಲೂ ಹೋಗಲ್ಲ.”

ಇವನಿಗೆ ಗೊತ್ತಿದೆಯೇ? ಓರೆಗಣ್ಣಲ್ಲಿ ನೋಡಿದೆ. ಮುಖದ ಮೇಲೆ ಟಿವಿಯ ಬಣ್ಣಗಳು ಬಿಟ್ಟರೆ ಏನೂ ಇರಲಿಲ್ಲ. ಗದರಿದ್ದರೆ ಜಗಳವಾಡಬಹುದಿತ್ತು. ಅಕ್ಕರೆಯ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಜೇಬಿನಲ್ಲಿ ಫೋನ್ ನಡುಗಿತು. ಹೊರಗೆ ಹೋಗಿ ಮಾತಾಡಿ ಬಂದರೆ ನರಿ ಮತ್ತೆ ಸೈಕಲ್ ಏರುತ್ತದೆ, ಇವನು ಮತ್ತೆ ನಗುತ್ತಾನೆ, ನಾನು ಆಗಲೂ ಬಾಯಿ ಬಿಡುವುದಿಲ್ಲ. ನನ್ನ ಧೈರ್ಯ ಎಷ್ಟರದೆಂದು ನನಗೆ ಗೊತ್ತು. ಕೂತಲ್ಲೇ ಎತ್ತಿದೆ.

“ಏನು ತೀರ್ಮಾನ ಮಾಡಿದ್ರಿ?” ಮೇಲ್ವಿಚಾರಕರು ಕೇಳಿದರು.

“ಬರ್ತೀನಿ ಸಾರ್.”

“ಸೋಮವಾರ ಸೇರ್ಕೋಬೇಕು.”

“ಹೂಂ. ಸೋಮವಾರ.”

ಅಣ್ಣ ರಿಮೋಟ್ ಒತ್ತಿ ಸದ್ದು ಅಡಗಿಸಿದ. ನರಿ ಮಾತಿಲ್ಲದೆ ತುಳಿಯುತ್ತಲೇ ಇತ್ತು.

“ಎಲ್ಲಿ?”

ಹೇಳಿದೆ.

“ಊಟಕ್ಕೆ?”

“ಕಾರ್ಖಾನೇಲೇ ಕ್ಯಾಂಟೀನ್ ಇದೆಯಂತೆ. ಕೋಣೇನೂ ಕೊಡ್ತಾರೆ.”

“ಹಾಸಿಗೆ?”

ಅದನ್ನು ನಾನು ವಿಚಾರಿಸಿರಲಿಲ್ಲ.

“ಹಾಸಿಗೆ ಹೊಲಿಯೋನ ತಮ್ಮ ಬರೀ ನೆಲದ ಮೇಲೆ ಮಲಗ್ತಾನಾ? ನಾಲ್ಕು ಜನ ಏನಂತಾರೆ?” ಅಣ್ಣ ಎದ್ದು, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆದ. “ಮಲಗು ಇಲ್ಲಿ.”

“ಅಣ್ಣ, ಬೇಡ. ಬಸ್ಸಲ್ಲಿ ಹೇಗೆ ಹೊತ್ಕೊಂಡು ಹೋಗ್ಲಿ?”

“ನಾನೇ ತಂದು ಹಾಸಿಕೊಟ್ಟು ಬರ್ತೀನಿ. ಬೇಕಾದ್ರೆ ಒಂದೆರಡು ದಿನ ಇದ್ದು ಬರ್ತೀನಿ. ಮಲಗೋ.”

ಬೆನ್ನಿಗೆ ನೆಲ ತಣ್ಣಗೆ ತಾಕಿತು. ಅವನು ಮಂಡಿಯೂರಿ ಟೇಪಿನ ಒಂದು ತುದಿಯನ್ನು ನನ್ನ ನೆತ್ತಿಗೆ ಒತ್ತಿ ಹಿಡಿದ.

“ಅಲುಗಾಡ್ಬೇಡ,” ಎಂದ.