ಇಸ್ತ್ರಿಯಮ್ಮನ ಎರಡು

ನನಗೆ ಇಲ್ಲಿ ಜೋರು ಸಿಸ್ಟರ್ ಅಂತ ಹೆಸರು. ಇಟ್ಟವರ ಮೇಲೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸದಲ್ಲಿದ್ದು ಬಾಯಿ ಮೆತ್ತಗಿದ್ದರೆ ನಡೆಯುವುದಿಲ್ಲ. ನಮ್ಮದು ವಾಸಿಯಾಗಿ ಹೋಗುವವರ ಆಸ್ಪತ್ರೆಯಲ್ಲ. ಇನ್ನೇನೂ ಮಾಡಲಾಗದು ಎಂದು ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ಮೇಲೆ, ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲೆಂದು ಜನ ಇಲ್ಲಿಗೆ ಬರುತ್ತಾರೆ. ಮೇಲಿನ ಮಹಡಿಯಲ್ಲಿ ದುಡ್ಡು ಕೊಡುವವರ ನಾಲ್ಕು ಕೋಣೆಗಳು. ಕೆಳಗೆ ಹನ್ನೆರಡು ಮಂಚಗಳ ಹಾಲ್, ಪುಕ್ಕಟೆ. ಕೆಳಗಿನದು ನನ್ನದು.

ದಿನಕ್ಕೆ ಮೂರು ಸಲ ಪ್ರತಿ ಮಂಚದ ಬಳಿ ನಿಂತು ಒಂದೇ ಪ್ರಶ್ನೆ ಕೇಳಬೇಕು. ನೋವು ಎಷ್ಟಿದೆ? ಸೊನ್ನೆ ಎಂದರೆ ಇಲ್ಲವೇ ಇಲ್ಲ, ಹತ್ತು ಎಂದರೆ ತಡೆಯಲಾಗದು. ರೋಗಿ ಹೇಳಿದ ಸಂಖ್ಯೆಯನ್ನು ಚಾರ್ಟಿನಲ್ಲಿ ಬರೆಯಬೇಕು. ಅದನ್ನು ನೋಡಿ ಡಾಕ್ಟರು ಮಾರ್ಫಿನ್ ಬರೆಯುತ್ತಾರೆ. ಹಿಂದಿನ ವಾರದ ಸಂಖ್ಯೆಗಳನ್ನು ನೋಡಿಯೇ ಸೋಮವಾರ ಆಯಾ ಮಹಡಿಯ ಬೀರುವಿಗೆ ಮಾತ್ರೆ ಬರುತ್ತದೆ. ನಮ್ಮ ಅಂದಾಜು ಸೇರಿಸುವಂತಿಲ್ಲ, ರೋಗಿಯ ಬಾಯಲ್ಲಿ ಬಂದದ್ದಷ್ಟೇ. ಈ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ಅದರ ಬಗ್ಗೆ ಜಂಬವೂ ಇತ್ತು.

ಮೇಲೆ ಎರಡನೇ ಕೋಣೆಯಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು. ಅವರದು ಯಾವಾಗಲೂ ಆರೂಮುಕ್ಕಾಲು. ಮುಕ್ಕಾಲು ಬರೆಯಲು ಚಾರ್ಟಿನಲ್ಲಿ ಜಾಗವಿಲ್ಲ ಎಂದರೆ ಏಳು ಬರೆಯಿರಿ ಎಂದು ತಾವೇ ತೀರ್ಪು ಕೊಡುತ್ತಿದ್ದರು. ಅವರ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ, ಬೆನ್ನುಮೂಳೆಗೆ ಇಳಿದ ಕ್ಯಾನ್ಸರ್ ಯಾರನ್ನೂ ಬಿಡುವುದಿಲ್ಲ. ಆದರೆ ಕೇಳಿದ್ದು ಸಿಕ್ಕು ಅಭ್ಯಾಸವಿದ್ದವರಿಗೆ ಕೇಳುವುದು ಹೇಗೆಂದು ಗೊತ್ತಿರುತ್ತದೆ. ನನ್ನ ಹಾಲಿನಲ್ಲಿ ಎರಡು, ಮೂರು, ಹೆಚ್ಚೆಂದರೆ ನಾಲ್ಕು. ನಾನೋ, ನಮ್ಮ ಕೆಳಗಿನ ಜನ ಗಟ್ಟಿಪಿಂಡಗಳು ಎಂದು ಮೇಲಿನವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಏಳನೇ ಮಂಚಕ್ಕೆ ಬಂದವಳು ಇಸ್ತ್ರಿಯಮ್ಮ. ನಲವತ್ತು ವರ್ಷ ಒಂದೇ ಬೀದಿಯ ಮೂಲೆಯಲ್ಲಿ ನಿಂತು ಕಂಡವರ ಬಟ್ಟೆ ಇಸ್ತ್ರಿ ಮಾಡಿದವಳು. ಮೊಣಕೈವರೆಗೂ ಸುಟ್ಟ ಕಲೆಗಳು. ಹೊಟ್ಟೆಯಲ್ಲಿ ಗಡ್ಡೆ. ಕರೆತಂದ ಮಗಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ದೊಡ್ಡಾಸ್ಪತ್ರೆಯಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಹಗಲಿಡೀ ಇರಲೇಬೇಕು. ಹಾಗೆ ಇದ್ದು ಇದ್ದು ಅವಳ ಕೆಲಸ ಒಮ್ಮೆ ಹೋಗಿ, ಕೈಕಾಲು ಹಿಡಿದ ಮೇಲೆ ಮತ್ತೆ ಸಿಕ್ಕಿತ್ತು.

"ಮತ್ತೆ ಅಲ್ಲಿಗೆ ಕಳಿಸಲ್ಲ ತಾನೆ ಸಿಸ್ಟರ್?" ಎಂದು ಬಂದ ತಕ್ಷಣ ಕೇಳಿದಳು.

ನಾನು ತಾಯಿಯ ಕಡೆ ತಿರುಗಿ ನೋವೆಷ್ಟು ಎಂದೆ.

"ಎರಡು ಅಂತ ಬರ್ಕೊಳ್ಳಿ ತಾಯಿ," ಎಂದಳು. ಹೊಸ ಜಾಗ, ಸಂಕೋಚ.

"ಎರಡೇ ಇದ್ರೆ ಯಾಕಮ್ಮ ಕಳಿಸ್ತೀವಿ? ಆರಾಮಾಗಿ ಇಲ್ಲೇ ಇರ್ಲಿ," ಎಂದು ಮಗಳಿಗೆ ಹೇಳಿ ಮುಂದಿನ ಮಂಚಕ್ಕೆ ಹೋದೆ.

ಆಮೇಲೆ ಹದಿನಾರು ದಿನವೂ ಎರಡು. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು. ಜ್ವರಕ್ಕೆ ಕೊಡುವ ಮಾಮೂಲಿ ಮಾತ್ರೆಯನ್ನೇ ನುಂಗಿಸುತ್ತಿದ್ದೆವು. ಮಗ್ಗುಲು ಬದಲಿಸುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳೇ ಹೊರತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬದಲಿಗೆ, "ಈ ಹೊದಿಕೆ ಇಸ್ತ್ರಿ ಮಾಡಿದೋನಿಗೆ ಕೈಗೆ ಲಕ್ವ ಹೊಡೆದಿತ್ತಾ?" ಎಂದು ನಮ್ಮನ್ನೇ ನಗಿಸುತ್ತಿದ್ದಳು. ತಲೆದಿಂಬಿನ ಕೆಳಗೆ ನಾಲ್ಕು ಮಡಿಕೆಯ ಒಂದು ಹಳೇ ಬಟ್ಟೆ ಇಟ್ಟುಕೊಂಡಿದ್ದಳು. ನಯವಾದ ಉಡುಪು ಸುಡದಂತೆ ಮೇಲೆ ಹಾಸಿ ಇಸ್ತ್ರಿ ಎಳೆಯುವ ಬಟ್ಟೆಯಂತೆ. ಆಸೆಯಿಂದ ಇಟ್ಟುಕೊಂಡಿದ್ದಾಳೆ, ಇರಲಿ ಎಂದು ಯಾರೂ ಮುಟ್ಟಿರಲಿಲ್ಲ.

ಹದಿನೇಳನೇ ದಿನ ಬೆಳಿಗ್ಗೆ ಒಗೆಯಲು ಹಾಕೋಣವೆಂದು ಎಳೆದೆ. ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ. ಮೇಲಿನ ಮಡಿಕೆ ಶುಭ್ರವಾಗಿತ್ತು. ಬಿಚ್ಚಿದರೆ ಒಳಗೆಲ್ಲ ತೂತು, ಹಲ್ಲಿನ ಗುರುತು, ಅಲ್ಲಲ್ಲಿ ಒಣಗಿದ ರಕ್ತ. ಹದಿನಾರು ದಿನ ಅದನ್ನು ಕಚ್ಚಿಕೊಂಡು ಮಲಗಿದ್ದಳು. ಹರಿದ ಭಾಗ ಕಾಣದಂತೆ ಪ್ರತಿ ಸಲವೂ ನೀಟಾಗಿ ಮಡಿಸಿಟ್ಟಿದ್ದಳು.

"ನೋವು ಎಷ್ಟಿದೆ?" ನನ್ನ ದನಿ ಹಾಲಿಗೆಲ್ಲ ಕೇಳಿಸಿತು.

"ಎರಡೇ ತಾಯಿ."

"ಸುಳ್ಳು ಹೇಳ್ಬೇಡ! ಎಷ್ಟು?"

ಅವಳು ಎರಡೂ ಕೈ ಜೋಡಿಸಿದಳು. "ಎರಡು ಅಂತಾನೇ ಬರ್ಕೊಳ್ಳಿ. ಜಾಸ್ತಿ ಅಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀರಿ. ಮಗಳು ಕೆಲಸ ಬಿಟ್ಟು ಬಂದು ಕೂರ್ಬೇಕಾಗುತ್ತೆ."

"ಯಾರು ಹೇಳಿದ್ದು ಹಾಗಂತ?"

"ನೀವೇ ಅಲ್ವಾ? ಎರಡೇ ಇದ್ರೆ ಯಾಕೆ ಕಳಿಸ್ತೀವಿ ಅಂದ್ರಿ."

ಅಂದಿದ್ದೆ. ಚಪ್ಪಲಿ ಬಿಟ್ಟಷ್ಟು ಸಲೀಸಾಗಿ ಅಂದಿದ್ದೆ. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

"ಹತ್ತು ಅಂದ್ರೂ ಕಳಿಸಲ್ಲ, ಆಣೆ ಮಾಡ್ತೀನಿ. ಈಗ ಹೇಳು."

"ಒಂಬತ್ತು," ಎಂದಳು ಮೆಲ್ಲಗೆ. "ಆದ್ರೆ ನನಗೋಸ್ಕರ ನಿಯಮ ಮುರೀಬೇಡಿ ತಾಯಿ, ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ."

ಅಂಥ ನಿಯಮವೇ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಮುರೀತೀನಿ ಬಿಡು," ಎಂದೆ.

ಬಟ್ಟೆ, ಚಾರ್ಟು ಎರಡನ್ನೂ ಹಿಡಿದುಕೊಂಡು ಮೇಲೆ ಹೋದೆ. ಡಾಕ್ಟರು ಎಂಜಿನಿಯರ್ ಕೋಣೆಯಿಂದ ಹೊರಬರುತ್ತಿದ್ದರು. ಮೇಲಿನ ಹಿರಿಯ ಸಿಸ್ಟರ್ ನನ್ನ ಚಾರ್ಟ್ ತಿರುವಿ, "ಎಲ್ಲಾ ಕಡೆ ಎರಡು ಅಂತಿದೆಯಲ್ಲಮ್ಮ, ನಿಮ್ಮದೇ ಕೈಬರಹ. ಅಳದಿದ್ರೆ ತಾಯೀನೂ ಹಾಲು ಕೊಡಲ್ಲ," ಎಂದರು.

"ಅತ್ತರೆ ಹೊರಗೆ ಹಾಕ್ತಾರೆ ಅಂತ ಗೊತ್ತಿದ್ದೋರು ಎಲ್ಲಿಂದ ಅಳ್ತಾರೆ?" ಎಂದು ಆ ಬಟ್ಟೆಯನ್ನು ಅವರ ಮೇಜಿನ ಮೇಲೆ ಹರಡಿದೆ.

ಡಾಕ್ಟರು ಅದನ್ನು ಎತ್ತಿ ನೋಡಿದರು. ಮಾರ್ಫಿನ್ ಬರೆದು ಸಹಿ ಹಾಕಿದರು. ಹನ್ನೊಂದಕ್ಕೆ ಮೊದಲ ಮಾತ್ರೆ ಕೊಟ್ಟೆ. ಊಟದ ಹೊತ್ತಿಗೆ ಇಸ್ತ್ರಿಯಮ್ಮ ನಿದ್ದೆ ಹೋಗಿದ್ದಳು.

ಮಧ್ಯಾಹ್ನ ಉಳಿದ ಮಂಚಗಳನ್ನೂ ಮತ್ತೆ ಸುತ್ತಿದೆ. ಈ ಸಲ ನಿಂತುಕೊಂಡಲ್ಲ, ಪ್ರತಿಯೊಬ್ಬರ ಪಕ್ಕ ಕೂತು, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಹೇಳಿ ಕೇಳಿದೆ. ಮೂರನೇ ಮಂಚದ ಗಾರೆಯವನು ಮೂರು ಎನ್ನುತ್ತಿದ್ದವನು ಎಂಟು ಎಂದ. ಹೂವು ಮಾರುತ್ತಿದ್ದ ಮುದುಕಿ ಗೋಡೆ ಕಡೆ ತಿರುಗಿ ಹತ್ತು ಎಂದಳು. ಹನ್ನೊಂದು ಜನರಲ್ಲಿ ಏಳು ಜನರ ಸಂಖ್ಯೆ ಬದಲಾಯಿತು. ನನ್ನ ಬೀರುವಿನಲ್ಲಿ ಉಳಿದದ್ದು ಒಂಬತ್ತು ಮಾತ್ರೆ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಮತ್ತೆ ಮೇಲೆ ಹೋಗಿ ಜಗಳವಾಡಿ ಎರಡು ಪಟ್ಟಿ ಮಾತ್ರೆ ತಂದೆ. ಅದೂ ಸಾಲದು.

ಸಂಜೆ ಮಗಳು ಕಾರ್ಖಾನೆಯ ಟೋಪಿಯನ್ನು ಚೀಲಕ್ಕೆ ತುರುಕುತ್ತ ಬಂದಳು. ತಾಯಿಯ ಮುಖ ನೋಡಿದವಳೇ ಗಾಬರಿಯಾಗಿ ಮೂಗಿನ ಬಳಿ ಕೈ ಹಿಡಿದಳು.

"ನಿದ್ದೆ ಕಣಮ್ಮ," ಎಂದೆ.

"ಹುಬ್ಬಿನ ಗಂಟು ಬಿಚ್ಚಿದೆ," ಎಂದಳು. "ಈ ಮುಖ ನೋಡಿ ಒಂದು ವರ್ಷ ಆಯ್ತು ಸಿಸ್ಟರ್."

ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಬಟ್ಟೆಯ ವಿಷಯವನ್ನೂ ಹೇಳಿದೆ, ನಾನಾಡಿದ ಮಾತನ್ನೂ ಹೇಳಿದೆ. ಬೈಯಲಿ ಎಂದು ಕಾದೆ, ಬೈಸಿಕೊಂಡರೆ ನನಗಾದರೂ ಹಗುರಾಗುತ್ತಿತ್ತು.

"ಈ ಮಾತ್ರೆ ಮೊದಲ್ನೇ ದಿನದಿಂದ ಇಲ್ಲೇ ಇತ್ತಾ?"

"ಇತ್ತು."

"ಅವತ್ತೇ ಒಂಬತ್ತು ಅಂದಿದ್ರೆ ಕಳಿಸ್ತಿರ್ಲಿಲ್ವಾ?"

"ಇಲ್ಲಮ್ಮ. ಅವತ್ತೇ ಮಾತ್ರೆ ಕೊಡ್ತಿದ್ವಿ."

ಅವಳು ಬಹಳ ಹೊತ್ತು ತಾಯಿಯ ಕೈಯ ಕಲೆಗಳನ್ನು ಸವರುತ್ತ ಕೂತಳು.

"ಇದನ್ನ ಅಮ್ಮಂಗೆ ಮಾತ್ರ ಹೇಳ್ಬೇಡಿ ಸಿಸ್ಟರ್," ಎಂದಳು ಕೊನೆಗೆ. "ತಾನು ತಡ್ಕೊಂಡಿದ್ದಕ್ಕೇ ನನ್ನ ಕೆಲಸ ಉಳೀತು ಅಂದ್ಕೊಂಡಿದಾಳೆ. ಹಾಗೇ ಹೋಗ್ಲಿ."